ಸಿಂಗಳೀಕ ನೋಡಲು ಬಂದ ದಿಲ್ಲಿ ಡಾಕ್ಟರು

ಹೋದ ಬೇಸಿಗೆಯಲ್ಲಿ ಮೊಮ್ಮಗಳು ನನ್ನನ್ನು ಒಂದು ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದಳು. ತೆರೆದ ಜೀಪಿನಲ್ಲಿ ಎಂಟು ಜನ, ಮುಂದೆ ಟೋಪಿ ಹಾಕಿದ ಗೈಡು, ಎಲ್ಲರ ಕೈಯಲ್ಲೂ ಕ್ಯಾಮೆರಾ. ಎರಡು ಗಂಟೆ ಸುತ್ತಿದರೂ ಹುಲಿ ಬರಲಿಲ್ಲ, ಮಳೆ ಬಂತು. ಡ್ರೈವರ್ ಇಳಿದು, ಮಡಚಿಟ್ಟಿದ್ದ ಟಾರ್ಪಾಲನ್ನು ನಮ್ಮ ತಲೆಯ ಮೇಲೆ ಎಳೆದ. ನೆನೆದ ಟಾರ್ಪಾಲು, ಎಂಜಿನ್ನಿನ ಎಣ್ಣೆ, ಕೊಳೆತ ಎಲೆ ಮೂರೂ ಸೇರಿದ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. "ಏನಾಯ್ತಜ್ಜಿ?" ಎಂದು ಮೊಮ್ಮಗಳು ಗಾಬರಿಯಾದಳು. ಏನೆಂದು ಹೇಳಲಿ? ಅರವತ್ತರ ದಶಕದ ನಡುವಿನ ಒಂದು ಮೇ ತಿಂಗಳಲ್ಲಿ, ಇಂಥದೇ ಟಾರ್ಪಾಲಿನ ಕೆಳಗೆ ಕೂತು, ನಾನು ಒಂದು ಇಡೀ ಕಾಡನ್ನು ಹೆಚ್ಚುಕಡಿಮೆ ಕಳೆದುಬಿಟ್ಟಿದ್ದೆ. ಕೊಡಲಿಯಿಂದಲ್ಲ, ನನ್ನ ಹಿಂದಿಯಿಂದ.

ಆಗ ನನಗೆ ಇಪ್ಪತ್ತನಾಲ್ಕು. ಹೊಸನಗರದ ಒಂದು ಶಾಲೆಯಲ್ಲಿ ಹಿಂದಿ ಹೇಳಿಕೊಡುತ್ತಿದ್ದೆ. ಅಂಚೆಯಲ್ಲಿ ಪುಸ್ತಕ ತರಿಸಿಕೊಂಡು ಓದಿ, ಮೂರು ಪರೀಕ್ಷೆ ಕಟ್ಟಿ, ಮೂರರಲ್ಲೂ ಮೊದಲ ದರ್ಜೆ ಪಡೆದಿದ್ದೆ. ಹಿಂದಿ ಆಡುವ ಮನುಷ್ಯರನ್ನು ಮಾತ್ರ ಅದುವರೆಗೆ ಕಂಡಿರಲಿಲ್ಲ. ಬೇಸಿಗೆ ರಜೆ ಶುರುವಾದ ವಾರವೇ ರೇಂಜರ್ ದೊರೆಸ್ವಾಮಿ ನಮ್ಮ ಮನೆಯ ಜಗುಲಿಯಲ್ಲಿ ಬಂದು ಕೂತರು. ಮೈಸೂರಿನ ಕಡೆಯವರು, ಸ್ಥೂಲಕಾಯ, ಮಾತು ಮಾತಿಗೂ ಟೋಪಿ ತೆಗೆದು ಹಣೆ ಒರೆಸಿಕೊಳ್ಳುವವರು.

"ದಿಲ್ಲಿಯಿಂದ ಒಬ್ರು ಡಾಕ್ಟರ್ ಬರ್ತಿದ್ದಾರೆ ಸ್ವಾಮಿ," ಎಂದು ಅಪ್ಪನಿಗೆ ವಿವರಿಸಿದರು. "ದೇಶದಲ್ಲಿರೋ ಕಾಡನ್ನೆಲ್ಲ ಸುತ್ತಿ, ಯಾವುದನ್ನ ವನ್ಯಧಾಮ ಮಾಡಬಹುದು, ಯಾವುದು ಬೇಡ ಅಂತ ಬರೆದುಕೊಡೋರು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರು ತಾಲ್ಲೂಕು, ಮೂರು ವಾರ. ಎಲ್ಲ ತಯಾರಿ ಮಾಡ್ಕೊಂಡಿದ್ದೆ. ನಿನ್ನೆ ತಂತಿ ಬಂತು ನೋಡಿ, ಬರೋರು ಹೆಂಗಸಂತೆ! ಜೊತೆಗೆ ಇಂಗ್ಲಿಷಲ್ಲಿ ಮಾತಾಡಲ್ಲವಂತೆ, ಬರೀ ಹಿಂದಿಯಂತೆ. ಸ್ವಾತಂತ್ರ್ಯ ಬಂದ ದಿನದಿಂದ ವ್ರತವಂತೆ."

ಅಪ್ಪ ನನ್ನ ಕಡೆ ನೋಡಿದರು. ಮೂರು ಮೊದಲ ದರ್ಜೆಯ ಹೆಮ್ಮೆ ಅವರ ಮುಖದಲ್ಲಿತ್ತು. ನಾನು ಮಾತ್ರ ಆಗಲೇ ಒಳಗೆ ಹೋಗಿ ನಿಘಂಟು ಹುಡುಕತೊಡಗಿದೆ.

ಡಾಕ್ಟರ್ ಮಿಸ್ ತ್ರಿವೇದಿ ಸಾಗರದ ರೈಲು ನಿಲ್ದಾಣದಲ್ಲಿ ಇಳಿದಾಗ ನಾನು ಪರೀಕ್ಷೆಯಲ್ಲಿ ಬರೆದಿದ್ದ ಸ್ವಾಗತ ಭಾಷಣವನ್ನೇ ಒಪ್ಪಿಸಿದೆ. ಐವತ್ತು ದಾಟಿದ, ಕತ್ತರಿಸಿದ ಕೂದಲಿನ, ಕ್ಯಾನ್‌ವಾಸ್ ಬೂಟಿನ ಆಕೆ ಸಾವಧಾನವಾಗಿ ಕೇಳಿ, ನನ್ನ ಬೆನ್ನು ತಟ್ಟಿ, ಉತ್ತರವಾಗಿ ಏನೇನೋ ಹೇಳಿದರು. ತುಂಬಿದ ಹೊಳೆಯ ಹಾಗೆ ಹರಿದ ಆ ಮಾತಿನಲ್ಲಿ ನನಗೆ ದಡಕ್ಕೆ ಸಿಕ್ಕಿದ್ದು 'ಚಾಯ್' ಒಂದೇ. "ಟೀ ಬೇಕಂತೆ," ಎಂದೆ. ದೊರೆಸ್ವಾಮಿಯವರಿಗೆ ನನ್ನ ಮೇಲೆ ಪೂರ್ತಿ ನಂಬಿಕೆ ಬಂತು.

ನಮ್ಮ ಮೊದಲ ಕಷ್ಟ 'ಡಾಕ್ಟರ್' ಎಂಬ ಶಬ್ದದಿಂದ ಶುರುವಾಯಿತು. ಸಾಗರದ ಕಡೆ ಮಂಗನ ಕಾಯಿಲೆ ಕಾಣಿಸಿಕೊಂಡು ಇನ್ನೂ ಹತ್ತು ವರ್ಷವಾಗಿರಲಿಲ್ಲ. ಕಾಡಿನಲ್ಲಿ ಮಂಗ ಸತ್ತರೆ ಜೀಪು ಬರುವುದು, ಜೀಪಿನಿಂದ ಡಾಕ್ಟರು ಇಳಿಯುವುದು, ಡಾಕ್ಟರ ಕೈಯಲ್ಲಿ ಸೂಜಿ ಇರುವುದು ಇವೆಲ್ಲ ಜನರಿಗೆ ಅಭ್ಯಾಸವಾಗಿತ್ತು. ಈಗ ಜೀಪು ಬಂದಿದೆ, ಇಳಿದವರು ಡಾಕ್ಟರು, ಕೇಳುತ್ತಿರುವುದು ಕಾಡುಪ್ರಾಣಿಗಳ ವಿಚಾರ. ಊರಿನ ಅರ್ಧ ಜನ ನಮ್ಮನ್ನು ಕಂಡು ಗದ್ದೆ ಹಾರಿ ಓಡಿದರು. ಉಳಿದರ್ಧ ಸೊಂಟನೋವು, ಹುಳುಕುಹಲ್ಲು, ಮಕ್ಕಳಾಗದ ಸೊಸೆ ಎಲ್ಲವನ್ನೂ ತಂದು ಸಾಲಾಗಿ ನಿಂತರು. ಇವರು ಪ್ರಾಣಿಶಾಸ್ತ್ರದ ಡಾಕ್ಟರು ಎಂದು ನಾನು ತಿಳಿಹೇಳಿದ ಮೇಲೆ ಸಾಲು ಕರಗಿತು. ಒಬ್ಬ ಯಜಮಾನ ಮಾತ್ರ ಮನೆಗೆ ಹೋಗಿ ಎಮ್ಮೆ ಹಿಡಿದುಕೊಂಡು ಬಂದ.

ಹೊನ್ನೆಮರಡಿನ ಹತ್ತಿರ ಹಿನ್ನೀರಿನ ಅಂಚಿಗೆ ಹೋದೆವು. ಶರಾವತಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಬೇಸಿಗೆಗೆ ನೀರು ಇಳಿದು, ಸತ್ತ ಮರಗಳು ಬೊಡ್ಡೆಯ ತನಕ ಬೋಳಾಗಿ ನಿಂತಿದ್ದವು. ಮಿಸ್ ತ್ರಿವೇದಿ ಬೂಟು ಬಿಚ್ಚಿ ಕೆಸರಿಗೆ ಇಳಿದು, ಒಂದು ಮರದ ಮೈ ಮೇಲೆ ಕೈಯಿಟ್ಟು ತುಂಬ ಹೊತ್ತು ಸುಮ್ಮನೆ ನಿಂತರು. ದೊರೆಸ್ವಾಮಿಯವರಿಗೆ ಆ ಮೌನ ಸಹಿಸಲಾಗಲಿಲ್ಲ. "ಪಾಪ, ಮನೆ ನೆನಪಾಗಿರಬೇಕು. ಅವರ ಸಂಸಾರ ಎಲ್ಲಿದೆ ಕೇಳಿ ಟೀಚರ್," ಎಂದರು.

"ಆಪ್ಕಾ ಸಂಸಾರ್ ಕಹಾಂ ಹೈ?" ಎಂದು ಕೇಳಿದೆ.

ಆಕೆ ನನ್ನತ್ತ ತಿರುಗಿದರು. ಕಣ್ಣು ತೇವವಾಗಿತ್ತು. ಸುತ್ತಲ ನೀರು, ಬೋಳು ಮರ, ಆಚೆಯ ಕಾಡಿನ ಕಡೆಗೆಲ್ಲ ಕೈ ತೋರಿಸಿ, "ಇದೇ ಅಲ್ಲವೇ?" ಎಂದರು.

"ಇಲ್ಲೇ ಇದೆಯಂತೆ," ಎಂದೆ.

ದೊರೆಸ್ವಾಮಿ ಟೋಪಿ ತೆಗೆದರು. "ಅಯ್ಯೋ ದೇವರೇ, ಮುಳುಗಡೆಯವರಾ?"

ಹಿಂದಿಯಲ್ಲಿ ಸಂಸಾರ ಅಂದರೆ ಜಗತ್ತು. ಅದು ನನಗೆ ಗೊತ್ತಿತ್ತು; ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅಂಕವೂ ಬಂದಿತ್ತು. ಆದರೆ ಬಾಯಿಗೆ ಬರುವಾಗ ಶಬ್ದಗಳು ನಮ್ಮೂರಿನ ಬಟ್ಟೆ ಹಾಕಿಕೊಂಡೇ ಬರುತ್ತಿದ್ದವು.

ಎರಡನೇ ವಾರ ಹೊಸನಗರದ ಕಡೆ. ದೊರೆಸ್ವಾಮಿಯವರ ಆಸೆಯೆಲ್ಲ ಹುಲಿಯ ಮೇಲೆ. ಹುಲಿ ಇದ್ದರೆ ವನ್ಯಧಾಮ, ವನ್ಯಧಾಮವಾದರೆ ಅದಕ್ಕೊಬ್ಬ ದೊಡ್ಡ ಅಧಿಕಾರಿ, ಆ ಅಧಿಕಾರಿ ಯಾರಾಗಬಹುದೆಂಬುದನ್ನು ಅವರು ವಿನಯದಿಂದ ಹೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ಅವರು "ನೋಡಿ, ನೋಡಿ!" ಎಂದು ಕೂಗಿದರು. ಒದ್ದೆ ಮರಳಿನಲ್ಲಿ ಹುಲಿಯ ಹೆಜ್ಜೆಗಳು, ಸಾಲಾಗಿ, ಹದಿನೈದಿಪ್ಪತ್ತು. ಮಿಸ್ ತ್ರಿವೇದಿ ಮಂಡಿಯೂರಿ ಕೂತು ಒಂದೊಂದನ್ನೂ ನೋಡಿದರು, ಟೇಪು ಹಿಡಿದು ಅಳೆದರು. ಆಮೇಲೆ ಗಂಭೀರವಾಗಿ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದರು. ಅದೊಂದು ಸಲ ನನಗೆ ಪ್ರತಿ ಶಬ್ದವೂ ಅರ್ಥವಾಯಿತು.

"ಏನು ಹೇಳಿದ್ರು?" ದೊರೆಸ್ವಾಮಿ ಉಸಿರು ಬಿಗಿಹಿಡಿದಿದ್ದರು.

"ಎಲ್ಲವೂ ಮುಂದಿನ ಎಡಗಾಲಿನ ಹೆಜ್ಜೆಯಂತೆ ಸರ್. ಈ ಹುಲಿ ಒಂದೇ ಕಾಲಲ್ಲಿ ಕುಣಿದುಕೊಂಡು ಹೋಗಿದೆ ಅಂತಾರೆ."

ಹಿಂದೆ ಕೆಲಸ ಮಾಡಿದ ಕಾಡಿನಿಂದ ದೊರೆಸ್ವಾಮಿ ಹುಲಿಹೆಜ್ಜೆಯ ಒಂದು ಪ್ಲಾಸ್ಟರ್ ಅಚ್ಚು ತಂದು ತಮ್ಮ ಕಚೇರಿಯ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದರು. ಆ ಅಚ್ಚು ಮರುದಿನದಿಂದ ಮೇಜಿನ ಮೇಲೆ ಕಾಣಲಿಲ್ಲ. ಮಿಸ್ ತ್ರಿವೇದಿ ಸಿಟ್ಟಾಗಲಿಲ್ಲ. ತನಗೆ ಹುಲಿ ಬೇಡ, ಹುಲಿ ನೋಡುವವರು ಬಹಳ ಜನ ಇದ್ದಾರೆ, ತನಗೆ ಬೇಕಾದದ್ದು ಕಪ್ಪು ಮೈಯ, ಮುಖದ ಸುತ್ತ ಬೂದು ಕೇಸರವಿರುವ, ಬಾಲದ ತುದಿಗೆ ಕುಚ್ಚು ಕಟ್ಟಿದ ಒಂದು ಮಂಗ ಎಂದರು. ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಬರೆದು ತೋರಿಸಿದರು.

"ಕೋತೀನಾ?" ದೊರೆಸ್ವಾಮಿಯವರ ದನಿ ಒಡೆಯಿತು. "ದಿಲ್ಲಿಯಿಂದ ಇಲ್ಲಿಗೆ ಕೋತಿ ನೋಡಕ್ಕೆ ಬಂದ್ರಾ?"

ಅದು ಸಿಂಗಳೀಕ. ಸಿಂಗಳೀಕವನ್ನು ಕಾಣಬೇಕಾದರೆ ತೀರ್ಥಹಳ್ಳಿ ದಾಟಿ ಮೇಗರವಳ್ಳಿಯ ಆಚೆಯ ಕಾನಿಗೆ, ಆ ದಟ್ಟ ಕಾಡಿಗೆ, ಹೋಗಬೇಕು, ಅಲ್ಲಿ ಪುಟ್ಟ ನಾಯ್ಕನಿಗೆ ಗೊತ್ತು ಎಂದರು ಊರವರು. ಹೀಗೆ ಮೂರನೇ ವಾರ ನಾವು ಮೇಗರವಳ್ಳಿಗೆ ಬಂದೆವು.

ಪುಟ್ಟ ನಾಯ್ಕ ಕಾಡು ಕಾಯುವ ವಾಚರ್. ಒಣಕಲು ಆಳು, ಹೆಗಲ ಮೇಲೆ ಕಂಬಳಿ, ಸೊಂಟಕ್ಕೆ ಕತ್ತಿ. ಮೊದಲ ದಿನವೇ ಅವನು ನಮ್ಮನ್ನು ಹಗಲು ಹೊತ್ತಿನಲ್ಲೂ ಮಬ್ಬುಗತ್ತಲೆಯಿದ್ದ ಕಾನಿನೊಳಗೆ ಕರೆದೊಯ್ದು, ದೊಡ್ಡ ದೊಡ್ಡ ಮರಗಳ ಬುಡದಲ್ಲಿ ತೊಗಟೆ ಕೆತ್ತಿ ಹೊಡೆದಿದ್ದ ಮುದ್ರೆಗಳನ್ನು ತೋರಿಸಿದ. "ಇವೆಲ್ಲ ಕೂಪಿಗೆ ಗುರ್ತು ಹಾಕಿದ್ದು ಅಕ್ಕೋರೆ. ಮಳೆಗಾಲ ಕಳೆದ್ರೆ ಕಡಿಯಕ್ಕೆ ಜನ ಬರ್ತಾರೆ. ಈ ಅಮ್ಮ ಬರೆದುಕೊಟ್ರೆ ನಿಲ್ತದೆ ಅಂತ ಸಾಹೇಬ್ರು ಹೇಳಿದ್ರು. ಹೌದಾ?"

ಹೌದೆಂದರು ಮಿಸ್ ತ್ರಿವೇದಿ. ಆದರೆ ಕಣ್ಣಾರೆ ಕಾಣದೆ ತಾನು ಬರೆಯುವುದಿಲ್ಲ ಎಂದೂ ಹೇಳಿದರು. ಆಮೇಲೆ ಪುಟ್ಟ ನಾಯ್ಕನ ಕಡೆ ತಿರುಗಿ, ಇಲ್ಲಿ ಎಷ್ಟು ಸಿಂಗಳೀಕಗಳಿರಬಹುದು, "ಆಪ್ಕಾ ಕ್ಯಾ ಅನುಮಾನ್ ಹೈ?" ಎಂದು ಕೇಳಿದರು.

"ನಾಯ್ಕರೇ, ಅವರಿಗೆ ಏನೋ ಅನುಮಾನ ಅಂತೆ," ಎಂದೆ ನಾನು.

ಪುಟ್ಟ ನಾಯ್ಕ ಅಲ್ಲೇ ಕಂಬಳಿ ಹಾಸಿ ಕೂತುಬಿಟ್ಟ. "ಅನುಮಾನನಾ? ನನ್ನ ಮೇಲೆ? ಮೂವತ್ತು ವರ್ಷ ಆತು ನಾನು ಈ ಕಾನು ಕಾಯದು. ಒಂದು ಸೌದೆ ಚೂರು ಮನೆಗೆ ಒಯ್ದಿಲ್ಲ. ಬೇಕಾದ್ರೆ ಧರ್ಮಸ್ಥಳಕ್ಕೆ ಬಂದು ಆಣೆ ಮಾಡ್ತೀನಿ. ಮುಂದಿನ ದಾರಿ ನೀವೇ ಹುಡ್ಕಿಕೊಳ್ಳಿ."

ಒಂದು ಗಂಟೆ ಹಿಡಿಯಿತು ಅವನನ್ನು ಎಬ್ಬಿಸಲು. ಹಿಂದಿಯ ಅನುಮಾನ ಅಂದರೆ ಅಂದಾಜು ಎಂದು ಅಷ್ಟರಲ್ಲಿ ನನಗೆ ಹೊಳೆದಿತ್ತು; ಅವನ ಕಾಲಿಗೆ ಬೀಳುವುದೊಂದೇ ಬಾಕಿಯಿತ್ತು. "ಅಂದಾಜು ಅಂತ ಹೇಳಿದ್ರೆ ಆಗ್ತಿತ್ತಲ ಅಕ್ಕೋರೆ," ಎಂದು ಗೊಣಗುತ್ತ ಎದ್ದು, "ಹದಿನಾಲ್ಕು. ಅಂದಾಜಲ್ಲ, ಲೆಕ್ಕ," ಎಂದ.

ಕಾನಿನ ಅಂಚಿಗೆ ನಾಲ್ಕು ಮನೆ. ಕೊನೆಯದು ದ್ಯಾವಮ್ಮನದು. ಒಬ್ಬಂಟಿ ಹೆಂಗಸು, ಅರವತ್ತರ ಮೇಲಾದರೂ ಗೇಣಿಗೆ ಹಿಡಿದ ಗದ್ದೆಯನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಅವಳ ಕೊಟ್ಟಿಗೆಯ ಹಿಂದೆ ಒಂದು ಭಾರಿ ಹಲಸಿನ ಮರ, ಕಾನಿನ ಕಡೆಗೆ ಅರ್ಧ ವಾಲಿಕೊಂಡು, ಹಣ್ಣು ಜೋತುಬಿದ್ದು ನಿಂತಿತ್ತು. ನಾವು ಅಂಗಳಕ್ಕೆ ಹೋಗಿ, ದಿಲ್ಲಿಯ ಡಾಕ್ಟರು ಸಿಂಗಳೀಕ ನೋಡಲು ಬಂದಿದ್ದಾರೆ ಎಂದೆವು.

"ಸಿಂಗಳೀಕನಾ? ಅದೆಂತದು?" ಎಂದಳು ದ್ಯಾವಮ್ಮ. "ನಾನು ಹುಟ್ಟಿದಾಗಿಂದ ಕಂಡಿಲ್ಲ."

ಅಷ್ಟು ಹೇಳುವಷ್ಟರಲ್ಲಿ ಮರಗಳ ಮೇಲಿಂದ 'ಕೂ' ಎಂಬ ದನಿ ತೇಲಿ ಬಂತು. ದ್ಯಾವಮ್ಮನಿಗೆ ಕೆಮ್ಮು ಹತ್ತಿತು. ಮತ್ತೊಮ್ಮೆ 'ಕೂ'. ಮತ್ತೂ ಜೋರಾದ ಕೆಮ್ಮು. ಮಿಸ್ ತ್ರಿವೇದಿ ಕಿವಿಗೆ ಕೈಯಿಟ್ಟು ಆಲಿಸಲು ನೋಡಿದಷ್ಟೂ ಅವಳು ಅಂಗಳದ ತುಂಬ ಓಡಾಡಿಕೊಂಡು ಕೆಮ್ಮಿದಳು. ಕೊನೆಗೆ ಮಿಸ್ ತ್ರಿವೇದಿ ಕನಿಕರದಿಂದ ತಮ್ಮ ಚೀಲ ತೆರೆದು ನಾಲ್ಕು ಕೆಮ್ಮಿನ ಗುಳಿಗೆ ಕೊಟ್ಟರು. ಗುಳಿಗೆ ಕಂಡ ದ್ಯಾವಮ್ಮನ ಮುಖ ಕಪ್ಪಿಟ್ಟಿತು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ನಾಲ್ಕು ದಿನ ಕಾದೆವು. ಬೆಳಗಾಗುತ್ತಲೂ ಹೋಗಿ ಮರದ ಬುಡಗಳಲ್ಲಿ ಕೂರುವುದು, ಕುತ್ತಿಗೆ ನೋಯುವ ತನಕ ಮೇಲೆ ನೋಡುವುದು. ಕೆಂಜಳಿಲು ಬಂತು, ಮಂಗಟ್ಟೆ ಹಕ್ಕಿ ಬಂತು, ಮೇ ಕೊನೆಯ ಗುಡುಗುಮಳೆಗೆ ಉಂಬಳಗಳು ಎದ್ದು ದೊರೆಸ್ವಾಮಿಯವರ ಕಾಲುಚೀಲದೊಳಗೆ ಬಂದವು. ಸಿಂಗಳೀಕ ಬರಲಿಲ್ಲ. ಮೋಡ ದಿನದಿಂದ ದಿನಕ್ಕೆ ಕೆಳಗಿಳಿಯುತ್ತಿತ್ತು. ಮಳೆ ಹಿಡಿದರೆ ಆ ದಾರಿಯಲ್ಲಿ ಜೀಪು ಓಡುವುದಿಲ್ಲ.

ನಾಲ್ಕನೇ ಸಂಜೆ ಮಿಸ್ ತ್ರಿವೇದಿ ಇನ್ನೇನು ಮಾಡುವುದೆಂದು ನನ್ನ ಮೂಲಕ ಪುಟ್ಟ ನಾಯ್ಕನನ್ನು ಕೇಳಿದರು. ಅವನು ಸಮಾಧಾನವಾಗಿ, "ಅವಸರ ಎಂತ ಇಲ್ಲಮ್ಮ, ಇನ್ನೆರಡು ದಿನ ಕೂರಣ, ಬಂದೇ ಬರ್ತವೆ," ಎಂದ. ನನಗೆ ಸುಸ್ತಾಗಿತ್ತು, ಕಾಲಿನಿಂದ ಉಂಬಳ ಕೀಳುತ್ತಿದ್ದೆ. "ಅವಸರ್ ನಹೀಂ ಹೈ," ಎಂದು ಶುರುಮಾಡಿದೆ. ತಲೆಯ ಮೇಲೇ ಸಿಡಿಲು ಹೊಡೆದು ಉಳಿದ ಮಾತು ಯಾರಿಗೂ ಕೇಳಲಿಲ್ಲ. ನಾನು ಮತ್ತೆ ಹೇಳಲೂ ಇಲ್ಲ. ಮಿಸ್ ತ್ರಿವೇದಿ ನಿಧಾನವಾಗಿ ತಲೆಯಾಡಿಸಿ, ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿದರು.

ಮರುದಿನ ಬೆಳಿಗ್ಗೆ ನೋಡಿದರೆ ಆಕೆ ಹಾಸಿಗೆ ಸುತ್ತಿ ಸಿದ್ಧರಾಗಿ ನಿಂತಿದ್ದಾರೆ. ಪುಟ್ಟ ನಾಯ್ಕ ಏನೂ ತಿಳಿಯದೆ ಕಕ್ಕಾಬಿಕ್ಕಿಯಾದ. ದೊಡ್ಡವರ ಮನಸ್ಸು ಯಾರು ಬಲ್ಲರು ಎಂದು ನಾವೂ ಜೀಪು ಹತ್ತಿದೆವು. ಮಳೆ ಹನಿಯುತ್ತಿತ್ತು, ಟಾರ್ಪಾಲು ಇಳಿಸಿದ್ದರು. ಮೇಗರವಳ್ಳಿಯ ರಸ್ತೆಗೆ ಸೇರುವಾಗ ಮಿಸ್ ತ್ರಿವೇದಿ ನನ್ನ ಕೈ ಹಿಡಿದು, ಬೇಸರಪಡಬೇಡ, "ಅವಸರ್ ಮಿಲಾ ತೋ" ಮುಂದಿನ ವರ್ಷ ಬರುತ್ತೇನೆ ಎಂದರು.

ಅವಸರ ಸಿಕ್ಕರೆ? ಅವಸರ ಹೇಗೆ ಸಿಗುತ್ತದೆ?

ಆಗ ನೆನಪಾಯಿತು. ಹಿಂದಿಯಲ್ಲಿ ಅವಸರ ಅಂದರೆ ಸಂದರ್ಭ, ಅವಕಾಶ. ಮೂವತ್ತು ವರ್ಷ ಕಾನು ಕಾದವನ ಬಾಯಲ್ಲಿ, ಇನ್ನು ಅವಕಾಶವೇ ಇಲ್ಲ ಎಂದು ನಾನು ಹೇಳಿಸಿದ್ದೆ.

"ನಿಲ್ಸಿ!" ಎಂದು ಕಿರುಚಿದೆ. ಜೀಪು ಚರಂಡಿಯ ಅಂಚಿಗೆ ಜಾರಿ ನಿಂತಿತು. ಅಳುತ್ತ, ಮೊದಲು ಕನ್ನಡದಲ್ಲಿ ದೊರೆಸ್ವಾಮಿಯವರಿಗೆ, ಆಮೇಲೆ ಬಂದ ಹಾಗೆ ಹಿಂದಿಯಲ್ಲಿ ಮಿಸ್ ತ್ರಿವೇದಿಯವರಿಗೆ ಎಲ್ಲ ಒಪ್ಪಿಕೊಂಡೆ. ಅವಸರ, ಅನುಮಾನ, ಸಂಸಾರ ಒಂದನ್ನೂ ಬಿಡಲಿಲ್ಲ.

ದೊರೆಸ್ವಾಮಿ ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಟೀಚರ್, ನೀವು ಮಕ್ಕಳಿಗೂ ಇದನ್ನೇ ಕಲಿಸ್ತೀರಾ?" ಎಂದರು. ಮಿಸ್ ತ್ರಿವೇದಿ ಮಾತ್ರ ಟಾರ್ಪಾಲು ಅದುರುವ ಹಾಗೆ ನಕ್ಕರು. ನಗು ನಿಂತ ಮೇಲೆ ಡ್ರೈವರ್‌ನ ಭುಜ ತಟ್ಟಿ, ಕೈಯಲ್ಲಿ ವೃತ್ತ ಬರೆದು ತೋರಿಸಿದರು. ಅದನ್ನು ಯಾರೂ ಅನುವಾದಿಸಬೇಕಾಗಿರಲಿಲ್ಲ.

ವಾಪಸು ಬಂದ ಮೇಲೆ ನಾನು ಒಬ್ಬಳೇ ದ್ಯಾವಮ್ಮನ ಮನೆಗೆ ಹೋದೆ. ತಪ್ಪು ಮಾಡಿದವಳಿಗೆ ಬರುವ ಧೈರ್ಯ ಬಂದಿತ್ತು. ಅವಳು ಮಳೆಗೆ ಹೊದೆಯುವ ಗೊರಬು ಸರಿಮಾಡುತ್ತ ಕೂತಿದ್ದಳು.

"ಮತ್ತೆ ಬಂದ್ರಾ? ಹೋದ್ರಿ ಅಂತ ಮಾಡಿದ್ದೆ."

"ಅಮ್ಮ, ಆ ಕಾನು ಕೂಪಿಗೆ ಹೋಗುತ್ತೆ, ಗೊತ್ತಾ? ಅವರು ಸಿಂಗಳೀಕ ಕಂಡು ಬರೆದುಕೊಟ್ಟರೆ ಮಾತ್ರ ಉಳಿಯೋದು."

ದ್ಯಾವಮ್ಮನ ಕೈ ನಿಂತಿತು. "ಔಷ್ದಿ ಮಾಡಕ್ಕೆ ಅಲ್ವ?"

"ಯಾವ ಔಷಧಿ?"

ಆಗ ಹೇಳಿದಳು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಯಾವನೋ ಪಂಡಿತ ಕೋವಿಯವರನ್ನು ಕರೆತಂದು, ದಮ್ಮಿನ ಕಾಯಿಲೆಗೆ ಲೇಹ್ಯ ಮಾಡಬೇಕೆಂದು, ಈ ಹಲಸಿನ ಮರದಲ್ಲೇ ಐದು ಸಿಂಗಳೀಕ ಹೊಡೆಸಿದ್ದನಂತೆ. ಒಂದರ ಎದೆಯಲ್ಲಿ ಮರಿಯಿತ್ತಂತೆ. "ಆ ಮರಿ ಎರಡು ದಿನ ನನ್ನ ಮಡ್ಲಲ್ಲಿ ಬದುಕಿತ್ತು, ಅಕ್ಕೋರೆ. ಹಾಲು ಕುಡೀಲಿಲ್ಲ." ಗೊರಬನ್ನು ಪಕ್ಕಕ್ಕಿಟ್ಟು, "ಅದ್ಕೇ ಡಾಕ್ಟ್ರು ಅಂದ ಕೂಡ್ಲೆ ನಂಗೆ ಜೀವ ಹಾರಿಹೋತು. ಮೇಲೆ ಗುಳಿಗೆ ಬೇರೆ ತೆಗೆದ್ರು! ದಿನಾ ಬೆಳಿಗ್ಗೆ ನೀವು ಬರೋಕೆ ಮುಂಚೆ ನಾನೇ ಹಳೇ ಡಬ್ಬ ಬಡಿದು ಅವನ್ನ ಒಳಗೆ ಓಡಿಸ್ತಿದ್ದೆ," ಎಂದಳು.

ಪುಟ್ಟ ನಾಯ್ಕನಿಗೆ ಇದನ್ನು ಹೇಳಿದಾಗ ಅವನು ಹಣೆ ಚಚ್ಚಿಕೊಂಡ. "ಡಬ್ಬದ ಶಬ್ದ ನಂಗೂ ಕೇಳಿತ್ತು. ಹಂದಿ ಓಡಿಸ್ತಾಳೆ ಅಂತ ಮಾಡಿದ್ದೆ."

ಮರುದಿನ ಡಬ್ಬ ಬಡಿಯಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ದ್ಯಾವಮ್ಮ ನಮ್ಮನ್ನು ಕೊಟ್ಟಿಗೆಯೊಳಗೆ ಎಮ್ಮೆಗಳ ನಡುವೆ ಕೂರಿಸಿ, ದೊರೆಸ್ವಾಮಿಯವರ ತಲೆಯ ಮೇಲೂ ಒಂದು ಕಂಬಳಿ ಹೊದಿಸಿದಳು. ಮೊದಲು ಕಾನಿನ ಕಡೆಯ ಒಂದು ಕೊಂಬೆ ತೂಗಿತು. ಆಮೇಲೆ ಒಂದು ಕಪ್ಪು ಆಕೃತಿ ಹಲಸಿನ ಮರಕ್ಕೆ ನೆಗೆದು, ಕೇಸರದ ನಡುವಿನ ಮುಖ ಹೊರಳಿಸಿ ಸುತ್ತಲೂ ನೋಡಿ, 'ಕೂ' ಎಂದಿತು. ಹಿಂದೆಯೇ ಉಳಿದವು ಬಂದವು. ಹಲಸಿನ ಹಣ್ಣಿಗೆ ಬಾಯಿ ಹಾಕಿ, ಮೊಳಕೈ ತನಕ ಕೈ ತೂರಿಸಿ, ತೊಳೆ ಕಿತ್ತು ತಿನ್ನತೊಡಗಿದವು. ಮಿಸ್ ತ್ರಿವೇದಿ ಮರದಿಂದ ಕಣ್ಣು ಕೀಳದೆ, ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ಒಂದೊಂದು ಗೀಟು ಎಳೆಯುತ್ತಿದ್ದರು. ದೊರೆಸ್ವಾಮಿ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಒಂದು ಎಮ್ಮೆ ಅವರ ತೋಳು ನೆಕ್ಕುತ್ತಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ.

"ತೇರಾ," ಎಂದು ಪಿಸುಗುಟ್ಟಿದರು ಮಿಸ್ ತ್ರಿವೇದಿ.

"ಹದಿಮೂರಂತೆ," ಎಂದೆ.

"ಹದಿನಾಲ್ಕು," ಎಂದ ಪುಟ್ಟ ನಾಯ್ಕ, ಮುಖ ಗಂಟುಹಾಕಿ.

ಮತ್ತೆ ಎಣಿಸಿದರು. ಹದಿಮೂರೇ. ಅಷ್ಟರಲ್ಲಿ ಮರದ ಕವಲಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದ ಒಂದು ಹೆಣ್ಣು ಈ ಕಡೆ ತಿರುಗಿತು. ಅದರ ಎದೆಗೆ ಕಚ್ಚಿಕೊಂಡಿದ್ದ ಮರಿ ತಲೆ ಹೊರಳಿಸಿ ನಮ್ಮ ಕಡೆ ಕಣ್ಣು ಪಿಳುಕಿಸಿತು. ದ್ಯಾವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಈ ಸಲ ಕೆಮ್ಮಲಿಲ್ಲ.

ಆ ಸಂಜೆಯೇ ಮಳೆ ಹಿಡಿಯಿತು. ಮಿಸ್ ತ್ರಿವೇದಿ ದಿಲ್ಲಿಗೆ ಹೋದರು, ನಾನು ಶಾಲೆಗೆ ಹೋಗಿ ಮಕ್ಕಳಿಗೆ ಮೊದಲ ಪಾಠವಾಗಿ ಅವಸರ, ಅನುಮಾನ, ಸಂಸಾರ ಹೇಳಿಕೊಟ್ಟೆ. ದೀಪಾವಳಿ ಕಳೆದ ಮೇಲೆ ದೊರೆಸ್ವಾಮಿ ಒಂದು ಕಾಗದ ಹಿಡಿದು ಬಂದರು. ಆ ಕಾನನ್ನು ಕೂಪಿನ ಪಟ್ಟಿಯಿಂದ ತೆಗೆದಿದ್ದರು. ವನ್ಯಧಾಮವಾಗಿರಲಿಲ್ಲ, ಅದಕ್ಕೆ ಇನ್ನೂ ಎಷ್ಟೋ ವರ್ಷ, ಎಷ್ಟೋ ಕಾಗದ ಬೇಕಿತ್ತು. ಮರಗಳು ಮಾತ್ರ ನಿಂತವು. ದೊರೆಸ್ವಾಮಿಯವರಿಗೆ ಬಡ್ತಿ ಬರಲಿಲ್ಲ. ಆದರೆ ಆ ಕಾಗದ ಓದಿ ಹೇಳುವಾಗ ಅವರು "ನಮ್ಮ ಸಿಂಗಳೀಕ" ಎಂದೇ ಹೇಳುತ್ತಿದ್ದರು.

ಮುಂದಿನ ಭಾನುವಾರ ನಾನು ಬಸ್ಸು ಹಿಡಿದು ಮೇಗರವಳ್ಳಿಗೆ ಹೋಗಿ, ನಡೆದು ದ್ಯಾವಮ್ಮನ ಮನೆ ಸೇರಿದೆ. ಗದ್ದೆಯ ಕೆಲಸದಲ್ಲಿದ್ದವಳು ಕುಡುಗೋಲು ಹಿಡಿದೇ ಬಂದು, ನಿಂತು, ಎಲ್ಲ ಕೇಳಿದಳು. ಸಂತೋಷಪಟ್ಟಳೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ.

"ನಮ್ಗೆಲ್ಲ ಹೇಳಿದ್ರಿ, ಸರಿ," ಎಂದಳು ಕೊನೆಗೆ. "ಅವ್ಕೆ ಯಾರು ಹೇಳ್ತಾರೆ? ಮರ ಕೆತ್ತಿ ಗುರ್ತು ಹಾಕಿದಾಗಿಂದ ಹೆದರಿಕೊಂಡಿದಾವೆ. ಹೋಗಿ ಹೇಳಿ ಅಕ್ಕೋರೆ. ಭಾಷೆ ಕಲ್ತೋರು ನೀವೇ ತಾನೆ?"

ತಮಾಷೆ ಮಾಡುತ್ತಿದ್ದಾಳೆಯೇ ಎಂದು ನೋಡಿದೆ. ಇಲ್ಲ. ಅವಳು ನನ್ನನ್ನು ಕಾನಿನ ಅಂಚಿನ ತನಕ ಕರೆದುಕೊಂಡು ಹೋಗಿ, ತಾನು ಎರಡು ಹೆಜ್ಜೆ ಹಿಂದೆ ನಿಂತಳು. ಮೇಲೆ ಎಲ್ಲೋ ಎಲೆ ಅಲುಗುತ್ತಿತ್ತು. ನಾನು ಒಮ್ಮೆ ಹಿಂದೆ ಮುಂದೆ ನೋಡಿ, ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗು ಸರಿಪಡಿಸಿಕೊಂಡು, ತಲೆಯೆತ್ತಿ ಗಟ್ಟಿಯಾಗಿ ಹೇಳಿದೆ: "ಹೆದರಬೇಡಿ, ಮರ ಕಡಿಯೋದಿಲ್ಲವಂತೆ."

ಕನ್ನಡದಲ್ಲೇ ಹೇಳಿದೆ.